ಒಮ್ಮೆ ಬರೆದ ಆಜ್ಞೆಯನ್ನು ಮತ್ತೆ ಬರೆಯದಿರಲು

ಆಲಮಟ್ಟಿ ಹಿನ್ನೀರಿಗೆ ಹೋದ ಹಳೆಯ ಬಾಗಲಕೋಟೆಯ ಓಣಿಗಳ ಫೋಟೋಗಳನ್ನು ನೆಂಟರಿಷ್ಟರಿಂದ ಪಡೆದು, ಸ್ಕ್ಯಾನ್ ಮಾಡಿ ಜೋಡಿಸುವುದು ನನ್ನ ಕೆಲಸ. ನವನಗರದ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಉಬುಂಟು ಲಿನಕ್ಸ್‌ನ ಟರ್ಮಿನಲ್, ಅಂದರೆ ಆಜ್ಞೆಗಳನ್ನು ಬರೆಯುವ ಕಿಟಕಿ, ತೆರೆದು ಹೆಸರಿಡುವುದು, ಕುಗ್ಗಿಸುವುದು, ನಕಲು ತೆಗೆಯುವುದು. ಅವವೇ ಆಜ್ಞೆಗಳನ್ನು ಅಕ್ಷರ ಅಕ್ಷರವಾಗಿ ಹೊಡೆದು ಮಣಿಕಟ್ಟು ನೋಯತೊಡಗಿದಾಗ ರೂಢಿ ಬದಲಿಸಿದೆ.

ಮೊದಲನೆಯದು ಟ್ಯಾಬ್ ಕೀಲಿ. ಫೋಲ್ಡರ್ ಹೆಸರಿನ ಎರಡು ಅಕ್ಷರ ಬರೆದು ಒತ್ತಿದರೆ ಉಳಿದದ್ದನ್ನು ಬ್ಯಾಶ್, ಅಂದರೆ ಟರ್ಮಿನಲ್‌ನಲ್ಲಿ ಆಜ್ಞೆಗಳನ್ನು ಓದಿ ನಡೆಸುವ ತಂತ್ರಾಂಶ, ತುಂಬುತ್ತದೆ. ತುಂಬದಿದ್ದರೆ ಹಾಗೆ ಶುರುವಾಗುವ ಹೆಸರುಗಳು ಹಲವಿವೆ, ಇಲ್ಲವೇ ಒಂದೂ ಇಲ್ಲ ಎಂದರ್ಥ. ಹಲವಿದ್ದರೆ, ಮತ್ತೊಮ್ಮೆ ಒತ್ತಿದಾಗ ಪಟ್ಟಿ ಕಾಣುತ್ತದೆ. ನನ್ನ ಫೋಲ್ಡರ್‌ಗಳೆಲ್ಲ ‘ಹಳೆಊರು-ಹೋಳಿ’, ‘ಹಳೆಊರು-ಮದುವೆ’ ಎಂದಿದ್ದವು. ಟ್ಯಾಬ್ ಪ್ರತಿಸಲ ಅಡ್ಡಗೆರೆಗೆ ಬಂದು ನಿಲ್ಲುತ್ತಿತ್ತು. ‘ಹೋಳಿ-ಹಳೆಊರು’ ಎಂದು ತಿರುಗಿಸಿಟ್ಟೆ. ಹೆಸರಿಡುವಾಗಲೇ ಬೇರೆಯಾಗುವ ಪದವನ್ನು ಮುಂದೆ ಇಡಿ.

ನನಗೆ ಹೆಚ್ಚು ಉಪಕಾರವಾದದ್ದು ಕಂಟ್ರೋಲ್ ಮತ್ತು ಆರ್ ಕೀಲಿಗಳ ಜೋಡಿ. ಅವೆರಡನ್ನೂ ಒಟ್ಟಿಗೆ ಒತ್ತಿ, ಹಳೆಯ ಆಜ್ಞೆಯಲ್ಲಿದ್ದ ಯಾವುದಾದರೂ ತುಣುಕನ್ನು ಬರೆಯಿರಿ. ಅದಿರುವ ತೀರಾ ಈಚಿನ ಆಜ್ಞೆ ಬರುತ್ತದೆ. ಬೇಕಾದದ್ದು ಅದಲ್ಲವೇ? ಮತ್ತೆ ಕಂಟ್ರೋಲ್, ಆರ್. ಇನ್ನೂ ಹಿಂದಿನದು ಬರುತ್ತದೆ. ತಿದ್ದಬೇಕಿದ್ದರೆ ಬಲಬಾಣ, ಓಡಿಸಬೇಕಿದ್ದರೆ ಎಂಟರ್. ಉಬುಂಟು ಆರಂಭದಲ್ಲಿ ನೆನಪಿಡುವುದು 1000 ಆಜ್ಞೆಗಳನ್ನು, ಕಡತದಲ್ಲಿ ಉಳಿಸುವುದು 2000 ಸಾಲುಗಳನ್ನು. ಬ್ಯಾಶ್‌ನ ಹೊಂದಿಕೆಗಳಿರುವ ಬ್ಯಾಶ್‌ಆರ್‌ಸಿ (.bashrc) ಕಡತದಲ್ಲಿ ಈ ಮಿತಿಗಳನ್ನು ಹೇಳುವ ಹಿಸ್ಟ್‌ಸೈಜ್ (HISTSIZE), ಹಿಸ್ಟ್‌ಫೈಲ್‌ಸೈಜ್ (HISTFILESIZE) ಎರಡನ್ನೂ ನಾನು 50000ಕ್ಕೆ ಏರಿಸಿದ್ದೇನೆ.

ಆದರೆ ಎಂಟರ್ ಒತ್ತುವ ಮುನ್ನ ಸಾಲನ್ನು ಪೂರ್ತಿ ಓದಿ. ಒಂದು ರಾತ್ರಿ ‘ಹೋಳಿ’ ಎಂದು ಹುಡುಕಿ ಅವಸರದಲ್ಲಿ ಒತ್ತಿದೆ. ಬಂದದ್ದು ಅಳಿಸುವ ಆಜ್ಞೆ. ಬಣ್ಣದ ಬಂಡಿಗಳ ನಲವತ್ತು ಚಿತ್ರಗಳು ಹೋದವು. ಫೋಟೋಗಳ ಒಡೆಯರು ಅವನ್ನು ಮತ್ತೆ ಕೊಟ್ಟದ್ದರಿಂದ ಉಳಿದುಕೊಂಡವು. ಆ ಓಣಿಗಳನ್ನು ಮತ್ತೆ ತೆಗೆಯಲು ಯಾರಿಂದಲೂ ಆಗದು. ಅಂದಿನಿಂದ ಅಳಿಸುವ ಆಜ್ಞೆಯನ್ನು ಒಂದು ಖಾಲಿ ಜಾಗ ಬಿಟ್ಟೇ ಆರಂಭಿಸುತ್ತೇನೆ. ಉಬುಂಟುವಿನ ಮೂಲ ಹೊಂದಿಕೆಯಲ್ಲಿ ಹಾಗೆ ಆರಂಭವಾದ ಸಾಲು ಇತಿಹಾಸಕ್ಕೆ, ಅಂದರೆ ಹಳೆಯ ಆಜ್ಞೆಗಳ ಪಟ್ಟಿಗೆ, ಸೇರುವುದಿಲ್ಲ, ಹುಡುಕಿದಾಗ ಎದುರಾಗುವುದೂ ಇಲ್ಲ.

ಈಗಷ್ಟೇ ಮಾಡಿದ ಫೋಲ್ಡರ್‌ನೊಳಗೆ ಹೋಗಲು ಅದರ ಹೆಸರನ್ನು ಮತ್ತೆ ಬರೆಯಬೇಡಿ. ಆಲ್ಟ್ ಹಿಡಿದು ಚುಕ್ಕೆ ಒತ್ತಿದರೆ ಹಿಂದಿನ ಆಜ್ಞೆಯ ಕೊನೆಯ ಪದ ಬಂದು ಕೂರುತ್ತದೆ.

ಉದ್ದನೆಯ ಆಜ್ಞೆಗಳಿಗೆ ಇಡುವ ಅಡ್ಡಹೆಸರುಗಳನ್ನು, ಅಂದರೆ ಅಲಿಯಾಸ್‌ಗಳನ್ನು, ಮಿತವಾಗಿ ಮಾಡಿಕೊಳ್ಳಿ. ಇಪ್ಪತ್ತು ಮಾಡಿಕೊಂಡರೆ ಹದಿನೈದು ಮರೆತುಹೋಗುತ್ತವೆ. ನನ್ನಲ್ಲಿರುವುದು ನಾಲ್ಕೇ. ಹೊರಗಿನ ಡಿಸ್ಕಿಗೆ ನಕಲು ತೆಗೆಯುವ ಉದ್ದನೆಯ ಆರ್‌ಸಿಂಕ್ ಆಜ್ಞೆಗೆ ‘ನಕಲು’ ಎಂದೇ ಹೆಸರಿಟ್ಟಿದ್ದೇನೆ. ಬ್ಯಾಶ್ ಕನ್ನಡದ ಹೆಸರನ್ನೂ ಒಪ್ಪುತ್ತದೆ. ಅಲಿಯಾಸ್ (alias) ಎಂಬ ಪದ, ಹೆಸರು, ಸಮಚಿಹ್ನೆ, ಉದ್ಧರಣ ಚಿಹ್ನೆಗಳೊಳಗೆ ಪೂರ್ತಿ ಆಜ್ಞೆ: ಇಷ್ಟನ್ನು ಬ್ಯಾಶ್‌ಆರ್‌ಸಿ ಕಡತದ ಕೊನೆಗೆ ಸೇರಿಸಿ. ಸಮಚಿಹ್ನೆಯ ಅಕ್ಕಪಕ್ಕ ಖಾಲಿ ಜಾಗ ಬಿಡಬಾರದು. ಆ ಕಡತದ ಹೆಸರು ಚುಕ್ಕೆಯಿಂದ ಆರಂಭವಾಗುವುದರಿಂದ ಮರೆಯಲ್ಲಿರುತ್ತದೆ. ಹೋಮ್ ಫೋಲ್ಡರ್ ತೆರೆದು ಕಂಟ್ರೋಲ್, ಎಚ್ ಒತ್ತಿದರೆ ಕಾಣುತ್ತದೆ. ಉಳಿಸಿ, ಹೊಸ ಟರ್ಮಿನಲ್ ತೆರೆಯಿರಿ.