ಗೇಲಿಕ್ ಬೆಟ್ಟ, ಹಳ್ಳಗಳ ಹೆಸರನ್ನು ಬಿಡಿಸಿ ಓದುವ ಬಗೆ

ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್ ಎಂಬುದು ಬಾಗಲಕೋಟೆಯ ಕಡೆಯವರಿಗೆ ಹೊಸದೇನಲ್ಲ. ಕಿಸು ಎಂದರೆ ಕೆಂಪು, ಪೊಳಲ್ ಎಂದರೆ ಪಟ್ಟಣ. ಎರಡೂ ಕೂಡಿದಾಗ ಪಕಾರ ವಕಾರವಾಗುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಈ ಆದೇಶಸಂಧಿ ನೆನಪಿದ್ದವರಿಗೆ ಸ್ಕಾಟ್ಲೆಂಡಿನ ನಕಾಶೆಯಲ್ಲಿರುವ ಗೇಲಿಕ್ (ಅಲ್ಲಿನ ಹಳೆಯ ಭಾಷೆ) ಹೆಸರುಗಳು ಅಷ್ಟೇನೂ ಅಪರಿಚಿತವೆನಿಸುವುದಿಲ್ಲ.

ಮೊದಲು ಹೆಸರಿನ ತಲೆಯನ್ನು ಹಿಡಿಯಬೇಕು. ಹಿರೇಹಳ್ಳ, ಕರಿಗುಡ್ಡ ಎನ್ನುವಾಗ ನಾವು ಗುಣವನ್ನು ಮುಂದಿಟ್ಟು ವಸ್ತುವನ್ನು ಹಿಂದಿಡುತ್ತೇವೆ. ಗೇಲಿಕ್ಕಿನಲ್ಲಿ ಬಹುತೇಕ ಇದರ ತಿರುವುಮುರುವು. ‘ಬೆನ್’ ಎಂದು ಶುರುವಾದರೆ ಬೆಟ್ಟ, ‘ಆಲ್ಟ್’ ಎಂದರೆ ಹಳ್ಳ, ‘ಗ್ಲೆನ್’ ಕಣಿವೆ, ‘ಸ್ಗೂರ್’ ಚೂಪಾದ ಶಿಖರ, ‘ಕ್ನೊಕ್’ ನಮ್ಮ ಮರಡಿಯಂಥ ಸಣ್ಣ ಗುಡ್ಡ. ಬೆನ್ ಎಂಬುದನ್ನು ಕೇಳಿ ಬೆನ್ನೆಂದು ತಿಳಿದೀರಿ. ಅವರ ಬೆನ್ನು ‘ಡ್ರುಯಿಮ್’, ಉದ್ದಕ್ಕೆ ಮಲಗಿದ ದಿನ್ನೆಗೆ ಸಲ್ಲುವ ಪದ. ಡ್ರಮ್‌ನಡ್ರಾಕಿಟ್ ಎಂಬ ಊರಿನ ಹೆಸರಿನ ಅರ್ಥ ಸೇತುವೆಯ ದಿನ್ನೆ ಎಂದು.

ತಲೆ ಸಿಕ್ಕ ಮೇಲೆ ಬಾಲವನ್ನು ನೋಡಬೇಕು, ಎಡವುವುದು ಇಲ್ಲಿಯೇ. ‘ಮೋರ್’ ಎಂದರೆ ದೊಡ್ಡದು, ‘ಬೆಕ್’ ಎಂದರೆ ಚಿಕ್ಕದು, ‘ಬಾನ್’ ಎಂದರೆ ಬಿಳಿ. ಆಲ್ಟ್ ಪುಲ್ಲಿಂಗವಾದ್ದರಿಂದ ದೊಡ್ಡ ಹಳ್ಳ ‘ಆಲ್ಟ್ ಮೋರ್’ ಆಗಿಯೇ ಉಳಿಯುತ್ತದೆ; ಬೆನ್ ಸ್ತ್ರೀಲಿಂಗವಾದ್ದರಿಂದ ಅದರ ಹಿಂದೆ ಬಂದ ಮೋರ್ ‘ವೋರ್’ ಆಗುತ್ತದೆ, ಬಾನ್ ‘ವಾನ್’ ಆಗುತ್ತದೆ. ಕಿಸುವೊಳಲಿನಲ್ಲಿ ಸಂಧಿಯಿಂದ ಆದದ್ದು ಅಲ್ಲಿ ಲಿಂಗದಿಂದ ಆಗುತ್ತದೆ, ವ್ಯತ್ಯಾಸ ಅಷ್ಟೇ. ಮಲ್ ದ್ವೀಪದ 966 ಮೀಟರ್ ಎತ್ತರದ ಬೆಟ್ಟವನ್ನು ಇಂಗ್ಲಿಷ್ ನಕಾಶೆಯು ‘ಬೆನ್ ಮೋರ್’ ಎಂದು ಬರೆದರೂ ಗೇಲಿಕ್ ಮಾತನಾಡುವವರ ಬಾಯಲ್ಲಿ ಅದರ ಕೊನೆ ವೋರ್ ಎಂದೇ ಕೇಳಿಸುತ್ತದೆ. ಆದ್ದರಿಂದ ವಕಾರ ಕಂಡಲ್ಲೆಲ್ಲ ಅದನ್ನು ಮಕಾರಕ್ಕೋ ಬಕಾರಕ್ಕೋ ತಿರುಗಿಸಿ ನೋಡಿ, ಆಮೇಲೆ ನಿಘಂಟನ್ನು ತೆರೆಯಬೇಕು.

ಉಚ್ಚಾರದಲ್ಲಿ ಇನ್ನೊಂದು ನಂಟಿದೆ. ನಮ್ಮವರು ಧರ್ಮವನ್ನು ಧರುಮವೆಂದಂತೆ ಅವರು ‘ಗೊರ್ಮ್’ ಎಂಬುದನ್ನು ‘ಗೊರೊಮ್’ ಎನ್ನುತ್ತಾರೆ. ಹೀಗೆ ಎರಡು ವ್ಯಂಜನಗಳ ನಡುವೆ ಸ್ವರವೊಂದು ನುಸುಳುವುದನ್ನು ಗೇಲಿಕ್ ಭಾಷಾಶಾಸ್ತ್ರಜ್ಞರು ಕರೆಯುವುದು ಸ್ವರಭಕ್ತಿ ಎಂಬ ಸಂಸ್ಕೃತ ಹೆಸರಿನಿಂದಲೇ.

ಗೊರ್ಮ್ ಎಂದರೆ ನೀಲಿ. ಹುಲ್ಲಿನ ಹಸಿರಿಗೂ ಅದೇ ಪದ. ಕೇರ್ನ್‌ಗಾರ್ಮ್ ಎಂಬ 1,245 ಮೀಟರ್ ಎತ್ತರದ ಶಿಖರ ನೀಲಿ ಬೆಟ್ಟವಾಯಿತು, ಇಂಗ್ಲಿಷಿನಲ್ಲಿ ಇಡೀ ಸಾಲಿಗೆ ಅದರದೇ ಹೆಸರು ನಿಂತಿತು. ಆದರೆ ಗೇಲಿಕ್ಕಿನಲ್ಲಿ ಆ ಸಾಲಿನ ಹೆಸರು ‘ಆಮ್ ಮೊನಗ್ ರೂಅಗ್’, ಅಂದರೆ ಕೆಂಪು ಬೆಟ್ಟಗಳು. ಒಂದೇ ನೆಲಕ್ಕೆ ಎರಡು ಬಣ್ಣ! ಹಾಗಾಗಿ ಬಣ್ಣದ ಪದವನ್ನು ಶಿಖರಕ್ಕೋ ಸಾಲಿಗೋ ಇಟ್ಟದ್ದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು.

ನೀರಿನ ಹೆಸರುಗಳಲ್ಲಿ ‘ಇನ್ವರ್’ ಮುಖ್ಯ. ಹೊಳೆಯು ಕಡಲನ್ನೋ ಮತ್ತೊಂದು ಹೊಳೆಯನ್ನೋ ಸೇರುವ ಜಾಗ ಅದು. ಇನ್ವರ್ನೆಸ್ ಎಂದರೆ ನೆಸ್ ಹೊಳೆಯ ಮುಖ. ಕೃಷ್ಣೆಗೆ ಮಲಪ್ರಭೆ ಕೂಡುವಲ್ಲಿನ ಕೂಡಲಸಂಗಮವನ್ನು ನೆನೆದರೆ ಸಾಕು, ಅಲ್ಲಿ ಕೂಡಲು ಎಂದರೂ ಸಂಗಮವೇ.

ಬಿಡಿಸಿದ ಅರ್ಥವನ್ನು ಕೊನೆಗೆ ತಾಳೆ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟನ್ನಿನ ನಕಾಶೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯವರು ಊರವರನ್ನು ಕೇಳಿ ಬರೆದಿಟ್ಟ ಹೆಸರುಪುಸ್ತಕಗಳು ಈಗ ಸ್ಕಾಟ್ಲೆಂಡ್ಸ್‌ಪ್ಲೇಸಸ್ ಜಾಲತಾಣದಲ್ಲಿ ಸಿಗುತ್ತವೆ. ಒಂದೇ ಹಳ್ಳಕ್ಕೆ ಎರಡು ಮೂರು ಕಾಗುಣಿತಗಳಿದ್ದರೆ ಎಲ್ಲವನ್ನೂ ಬರೆದುಕೊಂಡು, ಗಟ್ಟಿಯಾಗಿ ಓದಿ ಹೋಲಿಸಬೇಕು.