ಮದರ್‌ಬೋರ್ಡ್ ಕಂಪನಿಗಳ ಶ್ರೇಣಿ ಅಳೆಯುವುದು ಹೇಗೆ?

‘ಇದು ಮೊದಲ ದರ್ಜೆಯ ಕಂಪನಿ, ಅದು ಎರಡನೇ ದರ್ಜೆಯದು’ ಎಂಬ ಮಾತು, ಪ್ರೊಸೆಸರ್ ಮತ್ತಿತರ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಫಲಕವಾದ ಮದರ್‌ಬೋರ್ಡ್ ಬಗ್ಗೆ ಕಂಪ್ಯೂಟರ್ ಜೋಡಿಸುವವರ ನಡುವೆ ಸದಾ ಓಡಾಡುತ್ತಿರುತ್ತದೆ. ಈ ದರ್ಜೆ ಕೊಡುವ ಅಧಿಕೃತ ಸಂಸ್ಥೆ ಯಾವುದೂ ಇಲ್ಲ. ಹಾಗಾಗಿ ಲೆಕ್ಕ ಯಾವುದರದ್ದು ಎಂಬುದನ್ನು ಮೊದಲು ವಿಚಾರಿಸಿ.

ಉದ್ಯಮದೊಳಗೆ ಮುಖ್ಯವಾಗಿ ಎಣಿಸುವುದು ವರ್ಷಕ್ಕೆ ರವಾನೆಯಾದ ಬೋರ್ಡ್‌ಗಳನ್ನು. ಆ ಲೆಕ್ಕದಲ್ಲಿ ಏಸಸ್ ಮತ್ತು ಗಿಗಾಬೈಟ್ ಬಹುಕಾಲದಿಂದ ಮುಂದಿವೆ, ಅವುಗಳ ಹಿಂದೆ ಎಂಎಸ್ಐ ಮತ್ತು ಎಎಸ್‌ರಾಕ್. ನಾಲ್ಕೂ ತೈವಾನಿನವು. ಎಎಸ್‌ರಾಕ್ ಅಂತೂ 2002ರಲ್ಲಿ ಏಸಸ್‌ನಿಂದಲೇ ಕವಲೊಡೆದು, ಅಗ್ಗದ ಬೋರ್ಡ್‌ಗಳ ಮೂಲಕ ಬೆಳೆದದ್ದು.

ಎರಡನೆಯದಾಗಿ, ಸ್ವಂತ ಹೆಸರಿನಲ್ಲಿ ಮಾರುವವರನ್ನೂ ಬೇರೆಯವರಿಗಾಗಿ ತಯಾರಿಸುವವರನ್ನೂ ಬೇರ್ಪಡಿಸಿ. ಫಾಕ್ಸ್‌ಕಾನ್, ಪೆಗಾಟ್ರಾನ್‌ನಂಥವು ಇತರ ಬ್ರ್ಯಾಂಡ್‌ಗಳಿಗೆ ಅಪಾರ ಪ್ರಮಾಣದಲ್ಲಿ ತಯಾರಿಸಿಕೊಡುತ್ತವೆ. ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಕ್ರಮವೇ ಅಡಿಮೇಲಾಗುತ್ತದೆ.

ಸ್ಥಾನ ಶಾಶ್ವತವೂ ಅಲ್ಲ. ಓವರ್‌ಕ್ಲಾಕಿಂಗ್ (ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ) ಹುಚ್ಚಿನವರ ಅಚ್ಚುಮೆಚ್ಚಾಗಿದ್ದ ಅಬಿಟ್ ಕಂಪನಿ, 2000ದ ದಶಕದ ಆರಂಭದಲ್ಲಿ ಹಲವು ಕಂಪನಿಗಳನ್ನು ಕಾಡಿದ ಕಳಪೆ ಕೆಪಾಸಿಟರ್‌ಗಳ (ವಿದ್ಯುತ್ತನ್ನು ಕೂಡಿಟ್ಟು ಹದಗೊಳಿಸುವ ಪುಟ್ಟ ಬಿಡಿಭಾಗಗಳ) ಹೊಡೆತ ತಿಂದು, 2008ರ ಕೊನೆಗೆ ಮದರ್‌ಬೋರ್ಡ್ ವ್ಯವಹಾರವನ್ನೇ ಮುಚ್ಚಿತು. ಡೆಸ್ಕ್‌ಟಾಪ್ ಬೋರ್ಡ್‌ಗಳಿಂದ ಹಿಂದೆ ಸರಿಯುವುದಾಗಿ ಇಂಟೆಲ್ 2013ರಲ್ಲಿ ಘೋಷಿಸಿತು.

ಮಾರಾಟದ ಅಂಕಿ ಹೇಳುವುದು ಕಂಪನಿಯ ಗಾತ್ರವನ್ನು. ಬೋರ್ಡ್‌ನ ಗಟ್ಟಿತನ ತಿಳಿಯಬೇಕಾದರೆ ಮಾಡೆಲ್‌ಗೆ ಇಳಿಯಲೇಬೇಕು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಹಂತ ಇದೇ. ಒಂದೇ ಕಂಪನಿ ದುಬಾರಿ ಬೋರ್ಡ್‌ನ ಜೊತೆಗೆ ಸಾಧಾರಣ ಬೋರ್ಡನ್ನೂ ಮಾಡುತ್ತದೆ. ಪ್ರೊಸೆಸರ್ ಸಾಕೆಟ್ಟಿನ ಪಕ್ಕ ಸಾಲಾಗಿ ಕೂತ ಪುಟ್ಟ ಚೌಕಗಳನ್ನು ನೋಡಿ. ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜನ್ನು ಹದಗೊಳಿಸುವ ವಿಆರ್‌ಎಂ ಭಾಗ ಅದು. ಅದರ ಮೇಲೆ ಹೀಟ್‌ಸಿಂಕ್ (ಶಾಖ ಹೀರಿ ಹೊರಬಿಡುವ ಲೋಹದ ತುಂಡು) ಇಲ್ಲದ ಅಗ್ಗದ ಬೋರ್ಡಿಗೆ ಹೆಚ್ಚು ವಿದ್ಯುತ್ ಎಳೆಯುವ ಪ್ರೊಸೆಸರ್ ಹಾಕಿದರೆ ಆ ಭಾಗ ವಿಪರೀತ ಕಾದು, ಪ್ರೊಸೆಸರ್‌ನ ವೇಗ ಕುಸಿಯಬಹುದು. ಬ್ರ್ಯಾಂಡಿನ ಹೆಸರು ಎಷ್ಟೇ ದೊಡ್ಡದಿರಲಿ, ಈ ಶಾಖಕ್ಕೆ ಅದು ಗೊತ್ತಾಗುವುದಿಲ್ಲ. ಹಾಗೆಂದು ಹೀಟ್‌ಸಿಂಕ್ ಕಂಡ ಮಾತ್ರಕ್ಕೆ ನಂಬಬೇಡಿ, ಕೆಲವು ಬರೀ ಅಲಂಕಾರಕ್ಕಿರುತ್ತವೆ. ತಾಪಮಾನ ಅಳೆದು ತೋರಿಸಿದ ವಿಮರ್ಶೆಯನ್ನೇ ಹುಡುಕಿ.

ಆಮೇಲೆ ಕಂಪನಿಯ ಜಾಲತಾಣದಲ್ಲಿ ಅದೇ ಮಾಡೆಲ್‌ನ ಬಯಾಸ್ (ಬೋರ್ಡ್‌ನೊಳಗೇ ಇರುವ, ಕಂಪ್ಯೂಟರನ್ನು ಚಾಲೂ ಮಾಡುವ ತಂತ್ರಾಂಶ) ಪುಟ ತೆರೆದು ಪರಿಷ್ಕರಣೆಗಳ ದಿನಾಂಕಗಳನ್ನು ಓದಿ. 2017ರಲ್ಲಿ ಬಂದ ಎಎಂಡಿ ಕಂಪನಿಯ ಮೊದಲ ರೈಜನ್ ಪ್ರೊಸೆಸರ್‌ಗಳ ಕಾಲದ ಹಲವು ಬೋರ್ಡ್‌ಗಳಿಗೆ 2022ರಲ್ಲಿ ಬಯಾಸ್ ಪರಿಷ್ಕರಣೆ ಸಿಕ್ಕು, ರೈಜನ್ 5000 ಸರಣಿಯ ಪ್ರೊಸೆಸರ್‌ಗಳು ಅವುಗಳಲ್ಲಿ ಓಡಿದವು. ಹಳೆಯ ಗ್ರಾಹಕರನ್ನು ಇಷ್ಟು ಕಾಲ ನೋಡಿಕೊಳ್ಳುವ ಕಂಪನಿಗೆ ನಾನು ಒಂದು ಮೆಟ್ಟಿಲು ಮೇಲಿನ ಜಾಗ ಕೊಡುತ್ತೇನೆ.

ದುರಸ್ತಿಗೆ ವಾಪಸಾಗುವ ಬೋರ್ಡ್‌ಗಳ ಪ್ರಮಾಣ ಸಿಕ್ಕರೆ ಅದೂ ಉಪಯುಕ್ತ. ಆದರೆ ಒಂದೇ ಮಾರಾಟಗಾರನ ಅಂಕಿ ಇಡೀ ಮಾರುಕಟ್ಟೆಯ ಚಿತ್ರವಲ್ಲ.

ಕೊನೆಗೆ, ಬೋರ್ಡ್ ಕೈಗೆ ಬಂದಾಗ ಅಂಚಿನಲ್ಲಿ ಮುದ್ರಿಸಿದ ರಿವಿಷನ್ ಸಂಖ್ಯೆ ಓದಿ. ಮಾಡೆಲ್ ಹೆಸರು ಹಾಗೇ ಉಳಿದು, ಒಳಗಿನ ಭಾಗಗಳು ಬದಲಾಗಿರುವುದುಂಟು. ನೀವು ಓದಿದ ವಿಮರ್ಶೆ ಅದೇ ರಿವಿಷನ್ನಿನದೇ ಎಂದು ತಾಳೆ ನೋಡಿದ ಮೇಲೆಯೇ ಪ್ರೊಸೆಸರ್ ಕೂರಿಸಿ.