ಕಣ್ಣಿನ ಪೊರೆ ಆಪರೇಷನ್‌ಗೆ ಮುಂಚೆ ಕಟ್ ಎಲ್ಲಿ ಹಾಕ್ತಾರೆ ಅಂತ ಕೇಳ್ಕೊಳ್ಳಿ

ಅಪ್ಪಂಗೆ ಕಾಫಿ ಹಣ್ಣು ಯಾವ್ದು ಕಾಯಿ ಯಾವ್ದು ಅಂತ ತಿಳೀದಷ್ಟು ಪೊರೆ ಬಂದಿತ್ತು, ಕುಯ್ಲು ಮುಗೀಲಿ ಅಂತ ಕಾದು ಸೋಮವಾರಪೇಟೆಯಿಂದ ಮೈಸೂರಿಗೆ ಕರ್ಕೊಂಡ್ ಹೋದೆ. ಎಲ್ರೂ ಕೇಳೋದು ಲೆನ್ಸ್ ಎಷ್ಟು ರೂಪಾಯಿದು ಅಂತ, ಪೊರೆ ತೆಗ್ದು ಆ ಲೆನ್ಸ್ ಹಾಕೋಕೆ ಕಣ್ಣಲ್ಲಿ ಕಟ್ ಎಲ್ಲಿ ಹಾಕ್ತಾರೆ ಅಂತ ಯಾರೂ ಕೇಳಲ್ಲ.

ಮೊದ್ಲು ಬಯೋಮೆಟ್ರಿ (ಕಣ್ಣಿನ ಅಳತೆ) ರಿಪೋರ್ಟ್ ಇಸ್ಕೊಳ್ಳಿ. ಅದ್ರಲ್ಲಿ ಕೆ1, ಕೆ2 ಅಂತ ಎರಡು ನಂಬರ್ ಇರುತ್ತೆ, ಪಕ್ಕದಲ್ಲಿ ಆಕ್ಸಿಸ್, ಅಂದ್ರೆ ದಿಕ್ಕು (90 ಮೇಲಿಂದ ಕೆಳಕ್ಕೆ, 180 ಅಡ್ಡಕ್ಕೆ). ಕಾರ್ನಿಯಾ, ಅಂದ್ರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಯಾವ ಕಡೆ ಎಷ್ಟು ಉಬ್ಬಿದೆ ಅಂತ ಅದು ಹೇಳೋದು. ಉದಾಹರಣೆಗೆ ಕೆ1 43.25 ಆಕ್ಸಿಸ್ 90, ಕೆ2 44.00 ಆಕ್ಸಿಸ್ 180 ಅಂತಿದ್ರೆ ಅಡ್ಡಕ್ಕೆ 0.75 ಜಾಸ್ತಿ ಉಬ್ಬು, ಎರಡು ದಿಕ್ಕಿನ ಈ ವ್ಯತ್ಯಾಸಾನೇ ಸಿಲಿಂಡರ್. ವಯಸ್ಸಾದವ್ರಲ್ಲಿ ಹೀಗೆ ಅಡ್ಡಕ್ಕೆ ಉಬ್ಬಿರೋದೇ ಜಾಸ್ತಿ. ಹಳೇ ಕನ್ನಡಕದ ಚೀಟಿ ನೋಡಿ ಲೆಕ್ಕ ಹಾಕ್ಬೇಡಿ, ಅದ್ರಲ್ಲಿ ಪೊರೆ ಬಂದಿರೋ ಲೆನ್ಸ್‌ನ ಸಿಲಿಂಡರೂ ಸೇರಿರುತ್ತೆ, ಅದನ್ನ ಹೇಗಿದ್ರೂ ತೆಗೀತಾರಲ್ಲ.

ಈಗ ಮುಖ್ಯ ವಿಷಯ. ಕಟ್ ಹಾಕಿದ ದಿಕ್ಕಲ್ಲಿ ಕಾರ್ನಿಯಾ ಸ್ವಲ್ಪ ಚಪ್ಪಟೆ ಆಗುತ್ತೆ, ಅದಕ್ಕೆ ಅಡ್ಡ ದಿಕ್ಕಲ್ಲಿ ಅಷ್ಟೋ ಇಷ್ಟೋ ಉಬ್ಬುತ್ತೆ. ಅಂದ್ರೆ ಮೇಲಿನ ಉದಾಹರಣೆಗೆ ಕಿವಿ ಕಡೆಯಿಂದ ಕಟ್ ಹಾಕಿದ್ರೆ ಸಿಲಿಂಡರ್ ಕಮ್ಮಿ ಆಗುತ್ತೆ, ರೆಪ್ಪೆ ಅಡಿ ಮೇಲಿಂದ ಹಾಕಿದ್ರೆ ಇನ್ನೂ ಏರುತ್ತೆ. ಕಾರ್ನಿಯಾ ಅಡ್ಡಕ್ಕೆ ಸುಮಾರು 12 ಮಿಮೀ, ಮೇಲಿಂದ ಕೆಳಕ್ಕೆ 11, ಹಾಗಾಗಿ ಕಿವಿ ಕಡೆ ಕಟ್ ನೋಟದ ಮಧ್ಯಭಾಗದಿಂದ ಇನ್ನಷ್ಟು ದೂರ ಇರುತ್ತೆ, ಅದ್ರ ಎಫೆಕ್ಟೂ ಕಮ್ಮಿ.

ಕಟ್ ಸೈಜೂ ಕೇಳಿ. ಫೇಕೋ (ಪೊರೆನ ಒಳಗೇ ಪುಡಿ ಮಾಡಿ ಹೀರಿ ತೆಗೆಯೋದು) ಆದ್ರೆ 2.2ರಿಂದ 2.8 ಮಿಮೀ, ಹೊಲಿಗೆ ಬೇಡ. ಕ್ಯಾಂಪಲ್ಲಿ ಹೆಚ್ಚಾಗಿ ಮಾಡೋ ಎಸ್‌ಐಸಿಎಸ್‌ಗೆ (ಪೊರೆನ ಪುಡಿ ಮಾಡದೆ ಕೈಯಿಂದಲೇ ತೆಗೆಯೋ ಆಪರೇಷನ್) ಬಿಳಿಗುಡ್ಡೆಯಲ್ಲಿ 6-7 ಮಿಮೀ ಸುರಂಗ, ಅದೂ ಒಳ್ಳೇ ಆಪರೇಷನ್ನೇ, ಕೀಳಾಗಿ ನೋಡ್ಬೇಡಿ, ಆದ್ರೆ ಕಟ್ ದೊಡ್ದು ಆದಷ್ಟು ಜಾಗದ ಲೆಕ್ಕ ಮುಖ್ಯ ಆಗುತ್ತೆ. ನಮ್ಮ ದೊಡ್ಡಮ್ಮಂಗೆ ಹಳೇ ಕಾಲದ ಹೊಲಿಗೆ ಆಪರೇಷನ್, ಮೇಲ್ಗಡೆ 10-12 ಮಿಮೀ ಕಟ್, ಆಮೇಲೆ ಬಂದ ಸಿಲಿಂಡರ್ ಕನ್ನಡಕ ಹಾಕ್ಕೊಂಡ್ರೆ ನೆಲ ಓರೆ ಕಾಣುತ್ತೆ ಅಂತ ಪಾಪ ಗೊಣಗ್ತಾನೇ ಇದ್ರು.

ಸಿಲಿಂಡರ್ 1ಕ್ಕಿಂತ ಜಾಸ್ತಿ ಇದ್ರೆ ಬರೀ ಸಣ್ಣ ಕಟ್‌ನಿಂದ ಹೋಗಲ್ಲ, ಟೋರಿಕ್ ಲೆನ್ಸ್ (ಸಿಲಿಂಡರನ್ನೂ ಸರಿ ಮಾಡೋ ಲೆನ್ಸ್) ಬಗ್ಗೆ ಕೇಳಿ. ಅದಕ್ಕೆ ಕಣ್ಣಿಗೆ ಮಾರ್ಕ್ ಹಾಕೋದಾದ್ರೆ ಕೂತಿದ್ದಾಗ್ಲೇ ಹಾಕ್ಬೇಕು, ಮಲಗಿದ್ರೆ ಕಣ್ಣು ಸ್ವಲ್ಪ ತಿರುಗುತ್ತೆ. ಲೆನ್ಸ್ ಸರಿಯಾದ ದಿಕ್ಕಿಂದ 1 ಡಿಗ್ರಿ ತಿರುಗಿದ್ರೆ ಸುಮಾರು 3% ಲಾಭ ಹೋಯ್ತು, 30 ಡಿಗ್ರಿಗೆ ಪೂರ್ತಿ ಸೊನ್ನೆ.

ಡಾಕ್ಟ್ರಿಗೆ ಇಲ್ಲೇ ಕಟ್ ಹಾಕಿ ಅಂತ ಆರ್ಡರ್ ಮಾಡೋಕೆ ಹೋಗ್ಬೇಡಿ, ಕಣ್ಣಿನ ಆಕಾರ, ಹಳೇ ಆಪರೇಷನ್ ಗುರುತು, ಗ್ಲಾಕೋಮ (ಕಣ್ಣಿನ ನರ ಹಾಳು ಮಾಡೋ ಕಾಯಿಲೆ) ಎಲ್ಲಾ ನೋಡಿ ಅವ್ರು ನಿರ್ಧರಿಸ್ತಾರೆ. ಎಲ್ಲಿ, ಯಾಕೆ ಅಂತ ಕೇಳಿದ್ರೆ ಸಾಕು.

ಊರಿಗೆ ಬಂದ್ಮೇಲೆ ಕಣ್ಣು ಉಜ್ಜಬಾರದು, ರಾತ್ರಿ ಶೀಲ್ಡ್ ಹಾಕ್ಬೇಕು, ತೋಟದಲ್ಲಿ ಬೋರ್ಡೋ (ಮೈಲುತುತ್ತು-ಸುಣ್ಣದ ಔಷಧಿ) ಹೊಡೀತಿದ್ರೆ ಆ ಕಡೆ ತಲೆ ಹಾಕ್ಬಾರದು. ನೋವು, ಕೆಂಪು ಜಾಸ್ತಿ ಆದ್ರೆ, ನೋಟ ದಿಢೀರ್ ಮಂಜಾದ್ರೆ ಮಳೆ, ಘಾಟಿ ರೋಡು ಅಂತ ಕೂರದೆ ಅವತ್ತೇ ಹೊರಡಿ. ಹೊಸ ಕನ್ನಡಕ ಮಾತ್ರ 4-6 ವಾರ ಬಿಟ್ಟು ಮಾಡ್ಸಿ, ಗಾಯ ಮಾಗ್ತಾ ಕಾರ್ನಿಯಾ ಬದಲಾಗ್ತಿರುತ್ತೆ, ಅಪ್ಪ ಅವಸರ ಮಾಡಿ 10 ದಿನಕ್ಕೇ ಮಾಡ್ಸಿದ ಕನ್ನಡಕ ಈಗ ಟಿವಿ ಮೇಲೆ ಧೂಳು ತಿಂತಿದೆ.